ತವರಡುಗೆಯ ಕಿಟಕಿಗೊಂದು ಪರದೆ

ವಿಮಾನಗಳು ನಿಂತುಹೋದ ವರ್ಷ ಅದು. ಹೆರಿಗೆಗೆಂದು ಊರಿನಿಂದ ಬರಬೇಕಿದ್ದ ಅಮ್ಮಂದಿರು ಅಲ್ಲೇ ಉಳಿದರು. ಅವರು ಕಟ್ಟಿಟ್ಟಿದ್ದ ಓಮ, ಅಂಟು, ಒಣಶುಂಠಿಯ ಪೊಟ್ಟಣಗಳೂ ಅಲ್ಲೇ ಉಳಿದವು. ಇಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ, ಮಕ್ಕಳು ಮಾತ್ರ ಯಾವ ನಿಯಮಕ್ಕೂ ಕಾಯದೆ ಹುಟ್ಟುತ್ತಲೇ ಇದ್ದವು.

"ಹೆತ್ತು ಮೂರು ಗಂಟೆ ಆಗಿಲ್ಲ, ತಣ್ಣಗಿರೋ ಬ್ರೆಡ್ಡು, ಅದರ ಮೇಲೆ ಚೀಸು ಕೊಟ್ರಂತೆ," ಎಂದರು ಸರಳಾ ಆಂಟಿ ಒಂದು ದಿನ, ಫೋನ್ ಕೆಳಗಿಡುತ್ತಾ. "ಪಾಪ, ಆ ಹುಡುಗಿ ಅಳ್ತಾ ತಿಂದಳಂತೆ."

"ಕೊಟ್ಟ ನರ್ಸು ಪ್ರೀತಿಯಿಂದಲೇ ಕೊಟ್ಟಿರ್ತಾಳೆ ಬಿಡೆ," ಎಂದರು ಅವರ ಗಂಡ ಅನಂತರಾಮ ಅಂಕಲ್.

"ಪ್ರೀತಿ ಬಿಸಿ ಮಾಡಿ ಕೊಡಕ್ಕಾಗಲ್ವಾ?"

ನ್ಯೂವೆಗೈನ್‌ನಲ್ಲಿ, ಒಂದು ಕಾಲುವೆಯ ದಂಡೆಗೆ ಇವರ ಮನೆ. ಎನ್ಸ್‌ಕೆಡೆಯಲ್ಲಿ ಓದು ಮುಗಿಸಿ, ಕೆಲಸಕ್ಕೆ ಕಾಯುತ್ತಾ, ನಾನು ಅದೇ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಅಂದು ಸಂಜೆ ಆಂಟಿ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಸಬ್ಬಸಿಗೆ ಸೊಪ್ಪನ್ನು ಇಲ್ಲಿನ ಅಂಗಡಿಯಲ್ಲಿ 'ಡಿಲ್ಲೆ' ಎಂದು ಕೇಳಬೇಕು. ಮೆಂತ್ಯದ ಗಂಜಿಗೆ ಇಷ್ಟು ನೀರು. ಮೆಣಸಿನ ಸಾರಿಗೆ ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಹುರಿಯಬೇಕು. ಹೀಗೆ 'ತವರಡುಗೆ' ಎಂಬ ಪುಟ್ಟ ವೆಬ್‌ಸೈಟ್ ಹುಟ್ಟಿತು.

ಯಾರಾದರೂ ಸರ್ಚ್ ಎಂಜಿನ್‌ನಲ್ಲಿ 'ಬಾಣಂತಿ ಊಟ' ಎಂದು ಹುಡುಕಿದರೆ ಮೊದಲ ಪುಟದಲ್ಲೇ ತವರಡುಗೆ ಸಿಗುತ್ತಿತ್ತು. ದಿನಕ್ಕೆ ಇನ್ನೂರು ಮಂದಿ ಬರುತ್ತಿದ್ದರು. ಆ ಸಂಖ್ಯೆ ಒಂದೊಂದಾಗಿ ಏರುವುದನ್ನು ನೋಡುತ್ತಿದ್ದರೆ, ಕಾಲುವೆಯ ಮಂಜಿನೊಳಗಿಂದ ಒಂದೊಂದೇ ಸೈಕಲ್ ದೀಪ ನಮ್ಮ ಬಾಗಿಲಿನತ್ತ ತೇಲಿ ಬರುತ್ತಿದೆ ಎಂದೇ ನನಗೆ ಅನ್ನಿಸುತ್ತಿತ್ತು.

ಡಿಸೆಂಬರ್‌ನಲ್ಲಿ ಆ ದೀಪಗಳು ಆರಿದವು. ಇನ್ನೂರು ಇದ್ದದ್ದು ನಲವತ್ತಾಯಿತು, ಆಮೇಲೆ ಹನ್ನೊಂದಾಯಿತು.

"ನಾನೇನು ತಪ್ಪು ಬರೆದೆ?" ಆಂಟಿ ಕೇಳಿದರು.

"ನೀವೇನೂ ತಪ್ಪು ಮಾಡಿಲ್ಲ ಆಂಟಿ. ಯಾವ ಸೈಟು ಮುಂದೆ, ಯಾವುದು ಹಿಂದೆ ಅನ್ನೋ ರೂಲ್ಸ್‌ನ ಸರ್ಚ್ ಎಂಜಿನ್‌ನವರು ಆಗಾಗ ಬದಲಾಯಿಸ್ತಾ ಇರ್ತಾರೆ. ಈಗ ನಾವು ಆರನೇ ಪುಟದಲ್ಲಿದ್ದೀವಿ."

"ಕೊನೇ ಸ್ಟಾಪಿಂದ ಆಚೆ ಮನೆ ಕೊಟ್ಟ ಹಾಗಾಯ್ತು," ಎಂದರು ಅಂಕಲ್. "ಬಸ್ಸೇ ಹೋಗಲ್ಲ, ನೆಂಟರು ಎಲ್ಲಿಂದ ಬರ್ತಾರೆ?"

ಅದೇ ವಾರ ಯಾವುದೋ ಕಂಪನಿಯಿಂದ ಆಂಟಿಗೆ ಇಮೇಲ್ ಬಂತು. ನಿಮ್ಮ ಸೈಟನ್ನು ಮತ್ತೆ ಮೊದಲ ಪುಟಕ್ಕೆ ತರುತ್ತೇವೆ, ಉಚಿತ. ನಾವು ಕೊಡುವ ನಾಲ್ಕು ಸಾಲು ಕೋಡ್ ಸೇರಿಸಿ. ಬರುವವರಿಂದ ಒಂದು ಫಾರ್ಮ್ ತುಂಬಿಸಿ, ಹೆಸರು, ಇಮೇಲ್, ಎಷ್ಟನೇ ವಾರದ ಗರ್ಭ.

"ವಾರ ಗೊತ್ತಾದ್ರೆ ಆಯಾ ತಿಂಗಳ ಅಡುಗೆ ಕಳಿಸಬಹುದು ಅಲ್ವಾ?" ಆಂಟಿಯ ಕಣ್ಣು ಅರಳಿತ್ತು.

ನನಗೆ ಇದು ಸರಿಯೆನ್ನಿಸಲಿಲ್ಲ. ಬಿಟ್ಟಿಯಾಗಿ ಕೊಡುವವರು ಬೇರೆ ಏನನ್ನೋ ತೆಗೆದುಕೊಳ್ಳುತ್ತಾರೆ ಎಂದು ಓದಿದ್ದೆ. ಹೇಳಬೇಕಿತ್ತು. ಆದರೆ ಅಷ್ಟು ದಿನ ಮಂಕಾಗಿದ್ದ ಆಂಟಿ ನಗುತ್ತಿದ್ದರು. ನಾನು ಸುಮ್ಮನೆ ಕೋಡ್ ಹಾಕಿದೆ, ಫಾರ್ಮನ್ನೂ ಹಾಕಿದೆ. ಅದನ್ನು ತುಂಬಿದವರಿಗೆ ಆಯಾ ವಾರದ ಅಡುಗೆ ತಾನಾಗಿಯೇ ಹೋಗುತ್ತಿತ್ತು, ಅವರ ಪಟ್ಟಿಯನ್ನು ನಾವು ಯಾರೂ ತೆರೆದು ನೋಡುತ್ತಿರಲಿಲ್ಲ. ಇಲ್ಲಿನ ಕಾನೂನು ಕೇಳುತ್ತದೆಂದು ಒಂದು ಒಪ್ಪಿಗೆಯ ಚೌಕವನ್ನೂ ಕಂಪನಿಯವರೇ ಕಳಿಸಿದ್ದರು, ಡಚ್ ಭಾಷೆಯಲ್ಲಿ. 'ಅಕ್ಕೋರ್ಡ್', ಅಂದರೆ ಒಪ್ಪಿದೆ, ಎಂಬುದು ದೊಡ್ಡ ಹಸಿರು ಬಟನ್. ಬೇಡ ಎನ್ನುವ ಮಾತು ಕೆಳಗೆ ಬೂದು ಬಣ್ಣದಲ್ಲಿ, ಇರುವೆಯಷ್ಟು.

ನಮ್ಮವರಿಗೆ ಡಚ್ ಅಷ್ಟಕ್ಕಷ್ಟೇ. ಟ್ರಾಮಿನ ಆ್ಯಪ್ ಆಗಲಿ, ಅಂಗಡಿಯ ಸೈಟ್ ಆಗಲಿ, ಹಸಿರು ಕಂಡಲ್ಲಿ ಒತ್ತಿ ಮುಂದೆ ಹೋಗುವುದೇ ಎಲ್ಲರ ಅಭ್ಯಾಸ. ಹೂಫ್‌ಡಾರ್ಪ್‌ನಲ್ಲಿದ್ದ ನಿಖಿತಾ ಕೂಡ ಹಾಗೇ ಒತ್ತಿದಳು.

ನಿಖಿತಾ ಮೈಸೂರಿನ ಸೊಸೆ. ಗಂಡ ಶ್ರೀಕರ ಏರ್‌ಲೈನ್ ಒಂದರ ಐಟಿ ವಿಭಾಗದಲ್ಲಿದ್ದ. ಹಿಂದಿನ ವರ್ಷ ಅವಳಿಗೆ ಹತ್ತನೇ ವಾರದಲ್ಲಿ ಗರ್ಭ ನಿಲ್ಲದೆ ಹೋಗಿತ್ತು. ಆಗ ಆಂಟಿಯೇ ದಿನವೂ ಫೋನ್ ಮಾಡಿ ಮಾತಾಡಿಸಿದ್ದರು.

ಯುಗಾದಿಯ ಮರುದಿನ ಅವಳ ಫೋನ್ ಬಂತು. ಆಂಟಿಯ ಕೈ ಹಿಟ್ಟಾಗಿತ್ತು, ಸ್ಪೀಕರ್ ಒತ್ತಿದವಳು ನಾನು.

"ಆಂಟಿ, ನಿನ್ನೆ ಎಲ್ಲರೂ ವಿಡಿಯೋ ಕಾಲಲ್ಲಿ ಸೇರಿದ್ವಿ. ಅತ್ತೆ ಮನೆಯವರು, ನಮ್ಮಮ್ಮ, ಚಿಕ್ಕಪ್ಪಂದಿರು, ಹದಿನಾಲ್ಕು ಜನ. ಪಂಚಾಂಗ ಓದಕ್ಕೆ ನನ್ನ ಸ್ಕ್ರೀನ್ ಶೇರ್ ಮಾಡಿದೆ."

"ಹೂಂ, ಒಳ್ಳೇದಾಯ್ತಲ್ಲ."

"ಪಂಚಾಂಗದ ಪಕ್ಕದಲ್ಲಿ ತೊಟ್ಟಿಲಿನ ಜಾಹೀರಾತು ಬಂತು ಆಂಟಿ. ಅದರ ಕೆಳಗೆ ಬಸುರಿ ಹೆಂಗಸಿನ ಫೋಟೋ. ಕೆಳಗೆ ಹೋದಷ್ಟೂ ಅವೇ. ಅತ್ತೆಗೆ ಡಚ್ ಬರಲ್ಲ, ತೊಟ್ಟಿಲು ಗೊತ್ತಾಗಲ್ವಾ? 'ಏನೇ ನಿಖಿತಾ, ವಿಶೇಷನಾ?' ಅಂದ್ರು. ಎಲ್ಲರ ಮುಂದೆ."

ಆಂಟಿಯ ಕೈ ಹಿಟ್ಟಿನಲ್ಲೇ ನಿಂತಿತು.

"ಒಂಬತ್ತನೇ ವಾರ," ಎಂದಳು ನಿಖಿತಾ, ಮೆಲ್ಲಗೆ. "ಮೂರು ತಿಂಗಳು ತುಂಬೋವರೆಗೂ ನಮ್ಮಮ್ಮಂಗೂ ಹೇಳಬಾರದು ಅಂದ್ಕೊಂಡಿದ್ದೆ. ಹೋದ ಸಲ ಎಲ್ಲರಿಗೂ ಸಂತೋಷದ ಸುದ್ದಿ ಹೇಳಿದ್ದೆ. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಹೋಯ್ತು, ಹೋಯ್ತು ಅಂತ ಹೇಳ್ದೆ. ಈಗ ಮತ್ತೆ ಹದಿನಾಲ್ಕು ಜನ ಕಾಯ್ತಿದ್ದಾರೆ. ಏನಾದ್ರೂ ಆದ್ರೆ ಅಷ್ಟು ಫೋನ್ ಮಾಡೋ ಶಕ್ತಿ ನನಗಿಲ್ಲ."

"ಯಾರು ಹೇಳಿಬಿಟ್ರಮ್ಮ?"

"ಅದೇ ಯೋಚನೆ ಮಾಡ್ತಿದ್ದೀನಿ. ನಾನು ಹೇಳಿದ್ದು ಮೂರೇ ಕಡೆ ಆಂಟಿ. ಶ್ರೀಕರಂಗೆ, ಮಿಡ್‌ವೈಫ್‌ಗೆ, ನಿಮ್ಮ ತವರಡುಗೆ ಫಾರ್ಮಿಗೆ."

ಫೋನ್ ಇಟ್ಟ ಮೇಲೆ ಆಂಟಿ ಹಿಟ್ಟಿನ ಕೈಯಲ್ಲೇ ಕಿಟಕಿಯ ಬಳಿಯ ಕುರ್ಚಿಗೆ ಬಂದು ಕೂತರು. ಹೊರಗೆ ಕಾಲುವೆಯಲ್ಲಿ ಒಂದು ಹಂಸ ನೀರನ್ನು ಅಲುಗಿಸದೆ ಜಾರುತ್ತಿತ್ತು.

ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಅಂಕಲ್ ಹೇಳಿದರು. "ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಜಾಹೀರಾತು ಎಲ್ಲರಿಗೂ ಬರುತ್ತೆ. ಮುಚ್ಚಿಡಕ್ಕೆ ನಾವೇನು ಕಳ್ಳರಾ? ಈ ಡಚ್ಚರನ್ನ ನೋಡು, ಕಿಟಕಿಗೆ ಪರದೆನೇ ಹಾಕಲ್ಲ. ಊಟ ಮಾಡೋದು, ಟಿವಿ ನೋಡೋದು ಎಲ್ಲಾ ಬೀದಿಗೆ ಕಾಣುತ್ತೆ. ಅವರಿಗೇನಾಗಿದೆ?"

ಈ ಸಲ ಸುಮ್ಮನಿದ್ದರೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ದನಿ ನಡುಗಿತು, ಆದರೂ ಬಂತು.

"ಅಂಕಲ್, ಬೀದಿಲಿ ಹೋಗೋರು ನೋಡ್ತಾರೆ, ಹೋಗ್ತಾರೆ. ಯಾರೋ ಒಬ್ಬ ದಿನಾ ನಮ್ಮ ಕಿಟಕಿ ಮುಂದೆ ನಿಂತು, ಏನು ತಿಂದ್ರು, ಯಾರಿಗೆ ಹುಷಾರಿಲ್ಲ ಅಂತ ಬರ್ಕೊಂಡು, ಅದನ್ನ ಇನ್ನೊಬ್ಬರಿಗೆ ಮಾರಿದ್ರೆ?"

"ಪೊಲೀಸರನ್ನ ಕರೀತೀನಿ."

"ನಮ್ಮ ಸೈಟಿನ ಕಿಟಕಿ ಮುಂದೆ ಅಂಥವರು ನಿಂತಿದ್ದಾರೆ. ಕರ್ಕೊಂಡು ಬಂದು ನಿಲ್ಲಿಸಿದ್ದು ನಾನೇ."

ಲ್ಯಾಪ್‌ಟಾಪ್ ತಂದು ತೋರಿಸಿದೆ. ಒಂದು ಸೈಟ್ ತೆರೆದಾಗ ಅದು ಹಿಂಬಾಗಿಲಲ್ಲಿ ಯಾರ್ಯಾರಿಗೆ ಸುದ್ದಿ ಕಳಿಸುತ್ತದೆ ಎಂದು ಬ್ರೌಸರ್‌ನಲ್ಲೇ ನೋಡಬಹುದು. ತವರಡುಗೆಯ ಗಂಜಿ ಪುಟ ತೆರೆದೊಡನೆ ಪಟ್ಟಿ ಇಳಿಯಿತು. ಕೇಳರಿಯದ ಹದಿನೇಳು ಹೆಸರುಗಳು. ಅಂಕಲ್ ಕನ್ನಡಕ ಏರಿಸಿ ಒಂದೊಂದನ್ನೇ ಓದಿದರು. ಐಟಿಯಲ್ಲಿ ಇಪ್ಪತ್ತು ವರ್ಷ ಕಳೆದವರು, ಅವರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಮುಖ ಸಣ್ಣದಾಯಿತು.

"ಇವರೆಲ್ಲ ಯಾರು? ನಾನು ಯಾರನ್ನೂ ಕರೆದಿಲ್ಲ," ಎಂದರು ಆಂಟಿ.

"ಆ ನಾಲ್ಕು ಸಾಲು ಕೋಡ್ ಕರೀತು ಆಂಟಿ. ನಿಖಿತಾ ಅಕ್ಕನ ಲ್ಯಾಪ್‌ಟಾಪಿಗೆ ಒಂದು ಗುರುತು ಅಂಟಿಸ್ತು, ಕುಕಿ ಅಂತಾರೆ. ಅವರು ಆಮೇಲೆ ಎಲ್ಲಿಗೆ ಹೋದ್ರೂ, ಪಂಚಾಂಗದ ಸೈಟಿಗೆ ಹೋದ್ರೂ, ಆ ಗುರುತು ನೋಡಿ ಬಸುರಿ ಅಂತ ತೊಟ್ಟಿಲು ತೋರಿಸ್ತಾರೆ."

"ಸರ್ಚಲ್ಲಿ ಮೇಲೆ ಬರಕ್ಕೆ ಇದೆಲ್ಲ ಬೇಕು ಅಂದ್ರಲ್ಲ?"

"ಬೇಕಾಗಿಲ್ಲ. ದುಡ್ಡು ತಗೊಂಡೋ ಬಿಟ್ಟಿಯಾಗೋ ಮೊದಲನೇ ಪುಟ ಖಂಡಿತ ಅಂತ ಯಾರು ಹೇಳಿದ್ರೂ ನಂಬಬಾರದು. ಅದು ಯಾರ ಕೈಲೂ ಇಲ್ಲ. ಈ ಕೋಡಿಂದ ನಮ್ಮ ಪುಟ ತೆರೆಯೋದು ಇನ್ನೂ ನಿಧಾನ ಆಗಿದೆ, ಅದೂ ನಮಗೆ ಒಳ್ಳೇದಲ್ಲ. ಇದನ್ನೆಲ್ಲ ಅವತ್ತೇ ಹೇಳಬೇಕಿತ್ತು ನಾನು. ಹೇಳಲಿಲ್ಲ."

ಆಂಟಿ ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

"ನಾನು ಹೆತ್ತಾಗ ನಮ್ಮಜ್ಜಿ ಬಾಣಂತಿ ಕೋಣೆ ಬಾಗಿಲಿಗೆ ತಮ್ಮ ಹಳೇ ಸೀರೆ ಕಟ್ಟಿದ್ರು," ಎಂದರು. "ಗಾಳಿ ತಾಗಬಾರದು, ಕಣ್ಣು ತಾಗಬಾರದು ಅಂತ. ಯಾರು ಬಂದ್ರೂ ಸೀರೆ ಆಚೆಯಿಂದ ಕೇಳೋರು, ಒಳಗೆ ಬರ್ಲಾ ಅಂತ. ಅಂಥ ಕೋಣೆಗೆ ನಾನು ಹದಿನೇಳು ಕಿಂಡಿ ಕೊರೆಸಿಟ್ಟೆನಲ್ಲೇ."

"ತೆಗೆದುಬಿಡಣ," ಎಂದರು ಅಂಕಲ್, ಮೆತ್ತಗೆ.

"ತೆಗೆದ ಮೇಲೆ ಯಾರೂ ಬರದೇ ಹೋದ್ರೆ?" ಆಂಟಿ ನನ್ನ ಕಡೆ ತಿರುಗಿದರು.

"ಕಡಿಮೆ ಆಗಬಹುದು ಆಂಟಿ. ಸುಳ್ಳು ಹೇಳಲ್ಲ."

ಅವರು ಸೆರಗಿಗೆ ಕೈ ಒರೆಸಿಕೊಂಡರು. "ತೆಗಿ."

ಕೋಡ್ ತೆಗೆದೆ, ಫಾರ್ಮ್ ತೆಗೆದೆ. ನಮ್ಮಿಂದ ಹೋದ ಹೆಸರುಗಳನ್ನೆಲ್ಲ ಅಳಿಸಿ ಎಂದು ಕಂಪನಿಗೆ ಅಂಕಲ್ ಪತ್ರ ಬರೆದರು. ಹಾಗೆ ಕೇಳುವ ಹಕ್ಕು ಇಲ್ಲಿ ಪ್ರತಿಯೊಬ್ಬರಿಗೂ ಇದೆ, ಒಂದು ತಿಂಗಳೊಳಗೆ ಅವರು ಉತ್ತರ ಕೊಡಬೇಕು. ಫಾರ್ಮ್ ತುಂಬಿದ್ದ ಮೂವತ್ತೆರಡು ಹೆಣ್ಣುಮಕ್ಕಳಿಗೆ ಆಂಟಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದರು. ನಡೆದದ್ದು ಇದು, ನನ್ನಿಂದ ತಪ್ಪಾಗಿದೆ, ಕುಕಿ ಅಳಿಸುವುದು ಹೀಗೆ.

ಆಗ ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಬರಬಹುದಿತ್ತು. ಆ ಶನಿವಾರದ ಒಬ್ಬ ಅತಿಥಿ ನಿಖಿತಾ. ತೆರೆದ ಕಿಟಕಿಯ ಪಕ್ಕ, ಶಾಲು ಹೊದ್ದು ಕೂತಳು. ಆಂಟಿ ದೂರದ ಕುರ್ಚಿಯಿಂದಲೇ ಎಲ್ಲವನ್ನೂ ಹೇಳಿದರು, ಏನನ್ನೂ ಮುಚ್ಚದೆ. ನಿಖಿತಾ ತನ್ನ ಫೋನ್‌ನಲ್ಲಿ ತವರಡುಗೆ ತೆರೆದಳು. ಹಸಿರು ಬಟನ್ ಇರಲಿಲ್ಲ, ಫಾರ್ಮ್ ಇರಲಿಲ್ಲ. ಪುಟ ತಟಕ್ಕನೆ ಬಂತು.

"ಈಗ ಏನೂ ಕೇಳಲ್ವಾ ಇದು?"

"ಕೇಳಲ್ಲಮ್ಮ. ಯಾವ ವಾರಕ್ಕೆ ಏನು ಬೇಕು ಅಂತ ಎಲ್ಲಾ ಅಲ್ಲೇ ಬರೆದಿದ್ದೀನಿ. ನೀನೇ ಓದ್ಕೋ. ಇನ್ಮೇಲೆ ಯಾವ ವಾರ ಅಂತ ನನಗೂ ಹೇಳಬೇಡ."

ನಿಖಿತಾ ಅಂದು ಮೊದಲ ಸಲ ನಕ್ಕಳು. "ನಿಮಗೆ ಹೇಳ್ತೀನಿ ಬಿಡಿ. ನಿಮ್ಮ ಸಾರು ಬೇಕಲ್ಲ." ಆಮೇಲೆ ನಗು ನಿಂತಿತು. "ಆದ್ರೆ ಆಂಟಿ, ಅತ್ತೆ ಕೇಳಿದಾಗ ನನಗೆ ಆದದ್ದು ಹೋಗಲ್ಲ. ಅದು ನಾನು ಹೇಳಬೇಕಾದ ಸುದ್ದಿ."

"ಹೌದಮ್ಮ. ಅದನ್ನ ನಾನು ವಾಪಸ್ ಕೊಡಕ್ಕಾಗಲ್ಲ."

ತವರಡುಗೆ ಮೊದಲ ಪುಟಕ್ಕೆ ಮರಳಲಿಲ್ಲ. ಆಂಟಿ ತಾವೇ ಮಾಡಿ ನೋಡಿದ ಅಡುಗೆಗಳನ್ನೇ, ತಮ್ಮ ಅಡುಗೆಮನೆಯ ಫೋಟೋಗಳೊಡನೆ, ತಮ್ಮದೇ ಮಾತಿನಲ್ಲಿ ಬರೆಯುತ್ತಾ ಹೋದರು. ಬೇಸಿಗೆಯ ಹೊತ್ತಿಗೆ ಅದು ಮೂರನೇ ಪುಟದಲ್ಲಿತ್ತು. ಆದರೆ ಆ ಮೂವತ್ತೆರಡು ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಸೈಟಿನ ವಿಳಾಸವನ್ನು ತಮ್ಮ ಫೋನ್‌ನಲ್ಲಿ ಉಳಿಸಿಕೊಂಡರು, ಗೆಳತಿಯರಿಗೂ ಕಳಿಸಿದರು. ಅವರಿಗೆ ಸರ್ಚ್ ಬೇಕಾಗಲಿಲ್ಲ. ದಾರಿ ಗೊತ್ತಿದ್ದವರ ಸೈಕಲ್ ದೀಪಗಳು, ದಿನಕ್ಕೆ ಐವತ್ತು, ಅರವತ್ತು.

ನವೆಂಬರ್‌ನ ಒಂದು ಬೆಳಿಗ್ಗೆ, ಕಾಲುವೆಯೂ ಆಕಾಶವೂ ಒಂದೇ ಬಿಳುಪಾಗಿದ್ದಾಗ, ಫೋನ್ ಬಂತು. ದನಿ ದಣಿದಿತ್ತು, ಹಗುರವಾಗಿತ್ತು.

"ಆಂಟಿ, ಹೆಣ್ಣು ಮಗು. ಅತ್ತೆಗೂ ಅಮ್ಮಂಗೂ ನಾನೇ ಹೇಳ್ದೆ. ಮೂರನೇ ಫೋನು ನಿಮಗೆ. ಇನ್ನೂ ಯಾವ ತೊಟ್ಟಿಲ ಅಂಗಡಿಗೂ ಗೊತ್ತಿಲ್ಲ."

ಆಂಟಿ ಫೋನನ್ನು ನನ್ನ ಕೈಗಿಟ್ಟು, ಮೆಣಸಿನ ಸಾರಿಗೆ ನೀರಿಡಲು ಹೋದರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮಲ್ಲೊಂದು ಮಾತು ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಒಪ್ಪಿಗೆಯ ಚೌಕ ಎದುರಾದಾಗ ಹಸಿರನ್ನು ಒತ್ತುವ ಮೊದಲು ಬೂದು ಬಣ್ಣದ ಆ ಸಣ್ಣ ಮಾತನ್ನು ಹುಡುಕಿ. ಡಚ್‌ನಲ್ಲಿ ಅದು 'ವೈಗರನ್', ಅಂದರೆ ಬೇಡ. ಅದನ್ನು ಒತ್ತಿದರೂ ಪುಟ ಸಾಮಾನ್ಯವಾಗಿ ತೆರೆಯುತ್ತದೆ. ಇವತ್ತೇ ಕೂತು ನಿಮ್ಮ ಬ್ರೌಸರ್‌ನ ಹಳೆಯ ಕುಕಿಗಳನ್ನು ಅಳಿಸಿಬಿಡಿ. ನಿಮ್ಮದೇ ಒಂದು ಪುಟ್ಟ ಸೈಟ್ ಇದ್ದರೆ, ಸರ್ಚ್‌ನಲ್ಲಿ ಅದು ಕೆಳಗೆ ಜಾರಿದರೆ, ಹೆದರಿ ಅಪರಿಚಿತರ ಕೋಡ್ ಸೇರಿಸಬೇಡಿ. ನಿಮಗೆ ಗೊತ್ತಿರುವುದನ್ನು ಚೆನ್ನಾಗಿ ಬರೆಯಿರಿ, ಬಂದವರಿಂದ ಬೇಕಿಲ್ಲದ್ದನ್ನು ಕೇಳಬೇಡಿ. ಮತ್ತೆ, ಏನೋ ಸರಿಯಿಲ್ಲ ಎಂದು ನಿಮಗೆ ಅನ್ನಿಸಿದರೆ, ದನಿ ನಡುಗಿದರೂ ಪರವಾಗಿಲ್ಲ, ಆಗಲೇ ಹೇಳಿಬಿಡಿ. ನಾನು ನಾಲ್ಕು ತಿಂಗಳು ತಡಮಾಡಿದೆ.