ಬ್ಯಾಟರಿ ತಿನ್ನುವವರು ಯಾರು

ಹೊರಗೆ ಬಿಸಿಲು ಸುಡುತ್ತಿದ್ದರೂ ಕ್ಯಾಮೆರಾದ ಬ್ಯಾಟರಿ ಮಾತ್ರ ಮಧ್ಯಾಹ್ನದ ಹೊತ್ತಿಗೆ ಕೆಂಪಗಾಗುತ್ತಿತ್ತು. ಸೋಲಾರ್ ಕ್ಯಾಮೆರಾ, ತಂತಿ ಬೇಡ, ಕರೆಂಟ್ ಬೇಡ, ಬಿಸಿಲು ಕುಡಿದೇ ಬದುಕುತ್ತೆ ಎಂದು ಬಣ್ಣ ಬಣ್ಣದ ಮಾತಾಡಿ ಹಾಕಿಹೋದವನನ್ನು ಬೈದುಕೊಂಡೇ ಮತ್ತೆ ಕರೆಸಿದೆ.

ಕ್ಯಾಮೆರಾ ಹಾಕಿಸಿದ್ದು ಕಳ್ಳರಿಗೆ ಹೆದರಿಯಲ್ಲ, ತಂಗಿಯ ಗಂಡನಿಗೆ ಹೆದರಿ. ಅವನ ಹೊಡೆತ ತಾಳಲಾರದೆ ತಂಗಿ ಮಗಳನ್ನು ಎತ್ತಿಕೊಂಡು ನನ್ನ ಹೊಸ ಬಾಡಿಗೆ ಮನೆಗೆ ಬಂದಿದ್ದಳು. ಹೊಸ ಫೋನು, ಹೊಸ ನಂಬರು. ಈ ಮನೆ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗಲೂ ಕೂಡದು. ಅಮ್ಮನಿಗೂ ಹೇಳಿರಲಿಲ್ಲ, ಅಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಕ್ಯಾಮೆರಾದವನು ಏಣಿ ಹತ್ತಿ ಪ್ಯಾನೆಲ್ ಒರೆಸಿ ನೋಡಿದ.

"ಧೂಳಿಲ್ಲ, ನೆರಳಿಲ್ಲ. ಇದು ಮಲಗಿರೋ ಸಾಮಾನು ಮೇಡಂ. ಮುಂದೆ ಯಾರಾದ್ರೂ ಓಡಾಡಿದ್ರೆ ಮಾತ್ರ ಎದ್ದು ರೆಕಾರ್ಡ್ ಮಾಡುತ್ತೆ, ಬ್ಯಾಟರಿ ಖರ್ಚಾಗೋದು ಆಗಲೇ."

ಕೆಳಗಿಳಿದು ತಂಗಿಯ ಫೋನಿನಲ್ಲಿ ರೆಕಾರ್ಡ್ ಆದದ್ದನ್ನು ನೋಡಿದ. ಹಾಲಿನವನು, ನಾವು, ಒಂದು ಬೆಕ್ಕು. ಅಷ್ಟೇ.

"ಹಾಗಾದ್ರೆ ಯಾರೋ ಫೋನಲ್ಲಿ ಲೈವ್ ಹಾಕ್ಕೊಂಡು ಕೂತಿದ್ದಾರೆ. ನೋಡ್ತಾ ಇದ್ರೆ ಇದಕ್ಕೆ ನಿದ್ದೆ ಇಲ್ಲ, ಹಣೆ ಮೇಲೆ ನೀಲಿ ದೀಪ ಉರೀತಾ ಇರುತ್ತೆ. ನೀವೇ ಅಲ್ವಾ ಮೇಡಂ, ಸೀರಿಯಲ್ ಥರ ನೋಡ್ತಿರೋದು?"

"ನನಗೇನು ಮಾಡೋಕೆ ಬೇರೆ ಕೆಲಸ ಇಲ್ವಾ ಮಹರಾಯ? ಆ್ಯಪ್ ಇರೋದೇ ಅವಳ ಫೋನಲ್ಲಿ."

ತಂಗಿ ಒಗೆದ ಬಟ್ಟೆಯ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಯಾರಾದ್ರೂ ಬಂದು ಫೋನು ಟಿಂಗ್ ಅಂದಾಗ ಬಿಟ್ರೆ ನಾನು ಆ್ಯಪ್ ತೆಗೆಯೋದೇ ಇಲ್ಲ. ಭಯ ಆಗುತ್ತೆ," ಎಂದಳು.

"ಅವತ್ತು ಆ್ಯಪಿಗೆ ಯಾವ ಅಕೌಂಟ್ ಹಾಕಿದ್ರಿ?" ಎಂದು ಅವನು ತಂಗಿಯನ್ನು ಕೇಳಿದ.

"ಇಮೇಲ್ ಕೇಳ್ತು. ನನಗೆ ನೆನಪಿದ್ದದ್ದು ಅದೊಂದೇ. ಮದುವೆ ಹೊಸದ್ರಲ್ಲಿ ಅವರು ಮಾಡಿದ್ದು. ಇಬ್ಬರಿಗೂ ಒಂದೇ ಸಾಕು ಅಂತ..."

ಅಷ್ಟೆಲ್ಲ ಹೊಡೆಸಿಕೊಂಡರೂ ಇವಳ ಬಾಯಲ್ಲಿ ಅವನು 'ಅವರು'! ರೇಗಬೇಕೆಂದುಕೊಂಡೆ, ಆಗಲಿಲ್ಲ. ಅವಳ ಮಾತು ಅರ್ಧಕ್ಕೇ ನಿಂತಿತ್ತು, ಬಕೆಟ್ ಕೈಜಾರಿ ಬಟ್ಟೆಯೆಲ್ಲ ಮಣ್ಣಾಗಿತ್ತು.

"ಕ್ಯಾಮೆರಾ ಸೇರಿಸಿದ ಕೂಡಲೇ ಆ ಇಮೇಲಿಗೆ ಮೆಸೇಜ್ ಹೋಗಿರುತ್ತೆ. ಅದೇ ಅಕೌಂಟಿಂದ ಅವರ ಫೋನಲ್ಲೂ ಇದನ್ನ ನೋಡಬಹುದು," ಎಂದ ಕ್ಯಾಮೆರಾದವನು. ಅವನ ನಗು ಎಲ್ಲೋ ಹೋಗಿತ್ತು.

ನಾನು ಕೆಲಸಕ್ಕೆ ಹೊರಡುವುದು, ತಂಗಿ ಒಬ್ಬಳೇ ಉಳಿಯುವುದು, ಮಗು ಗೇಟಿಗೆ ಜೋತುಬೀಳುವುದು, ಎಲ್ಲವನ್ನೂ ಅವನು ಕೂತಲ್ಲೇ ನೋಡಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಕಾಣೋದು ಗೇಟು, ಗಲ್ಲಿ ಅಷ್ಟೇ ಅಲ್ವಾ ಅಕ್ಕ? ಎಲ್ಲಿ ಅಂತ ಹೇಗೆ ಗೊತ್ತಾಗುತ್ತೆ?" ತಂಗಿ ನನ್ನ ಸೆರಗು ಹಿಡಿದು ಕೇಳಿದಳು.

ಕ್ಯಾಮೆರಾದವನು ತಲೆ ತಗ್ಗಿಸಿದ. ಹಾಕಿದ ದಿನ ಅವನೇ ಅದನ್ನು ಎದುರಿನ ಟೈಲರ್ ಅಂಗಡಿಯ ಕಡೆ ತಿರುಗಿಸಿ, "ಬೋರ್ಡಿನ ಫೋನ್ ನಂಬರ್ ಓದ್ಕೊಳ್ಳಿ ಮೇಡಂ, ಕನ್ನಡಿ ಥರ ಕ್ಲಿಯರ್!" ಎಂದು ಬೀಗಿದ್ದ. ನಾನೂ ಶಹಬ್ಬಾಸ್ ಎಂದಿದ್ದೆ.

"ಕಿತ್ತು ಬಿಸಾಕಿ ಅದನ್ನ!" ಎಂದು ಕಿರುಚಿದೆ.

ಅವನು ಏಣಿ ಹತ್ತಿದ, ಅರ್ಧದಲ್ಲೇ ನಿಂತ. ನೀಲಿ ದೀಪ ಉರಿಯುತ್ತಿತ್ತು. ತಂಗಿಯ ಕೈಗೆ ವಾಪಸು ಬಂದಿದ್ದ ಫೋನಿನ ಪರದೆ ಕಪ್ಪಗಿತ್ತು. ಕ್ಯಾಮೆರಾದ ಸ್ಪೀಕರ್ ಗೊರಗೊರ ಎಂದಿತು.

"ಅಣ್ಣ, ಏಣಿ ಸ್ವಲ್ಪ ವಾಲಿದೆ. ಹುಷಾರು."

ಎಷ್ಟು ಮೆತ್ತಗಿನ, ಮರ್ಯಾದಸ್ಥ ಧ್ವನಿ! ಅದೇ ಧ್ವನಿ ಕೇಳಿಯೇ ನಾವು ಹೆಣ್ಣು ಕೊಟ್ಟಿದ್ದು. ತಂಗಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.

"ಟೈಲರಿಗೆ ಫೋನ್ ಮಾಡಿದ್ದೆ ಕಣೇ. ಒಳ್ಳೆ ಮನುಷ್ಯ, ದಾರಿ ಚೆನ್ನಾಗಿ ಹೇಳಿದ್ರು. ಗಲ್ಲಿ ತಿರುವಿನಲ್ಲೇ ಇದ್ದೀನಿ. ಪಾಪುನ ಎಬ್ಬಿಸಿ ರೆಡಿ ಮಾಡು."

ನೀಲಿ ದೀಪ ಆರಿತು. ಇನ್ನು ಅವನಿಗೆ ಫೋನಿನಲ್ಲಿ ನೋಡುವ ಅಗತ್ಯವಿರಲಿಲ್ಲ.

ತಂಗಿ ಒಳಗೋಡಿ ಮಲಗಿದ್ದ ಮಗುವನ್ನು ಎತ್ತಿಕೊಂಡಳು. ಕ್ಯಾಮೆರಾದವನೂ ಏಣಿ ಬಿಟ್ಟು ನಮ್ಮ ಹಿಂದೆಯೇ ಒಳಗೆ ಬಂದು ಮುಂಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಹಿಂಬಾಗಿಲ ಚಿಲಕಕ್ಕೆ ತುಕ್ಕು ಹಿಡಿದಿತ್ತು. ಎರಡೂ ಕೈಯಲ್ಲಿ ಎಳೆಯುತ್ತಿದ್ದೆ, ಅದು ಅಲುಗುತ್ತಿರಲಿಲ್ಲ.

ತಂಗಿಯ ಫೋನು ಎಂದಿನಂತೆ ಟಿಂಗ್ ಎಂದಿತು. ಗೇಟಿನ ಬಳಿ ಯಾರೋ ಇದ್ದಾರೆ ಎಂದು ತೋರಿಸಿತು.