ಬಾಯಿಗೆ ಬಿಡುವ ನೀರು

ನೊಣ, ಆಯಿಯ ಮೇಲ್ತುಟಿಯ ಮೇಲೆ, ಓಡಿಸಬೇಕು, ಕೈ ಎತ್ತಹೋದರೆ ನನ್ನ ಕೈಯೇ ತುಂಬಿದ ಕೊಡದಷ್ಟು ಭಾರ, ಬಿಡು, ತಾನೇ ಹಾರಿಹೋಯಿತು, ಆಯಿಯ ಬಾಯಿ ಮಾತ್ರ ನಿನ್ನೆಯಿಂದ ತೆರೆದೇ ಇದೆ, ಉಸಿರು ಬರುತ್ತದೆ, ಬರುತ್ತದೆ, ನಿಲ್ಲುತ್ತದೆ – ನಿಂತೇ ಹೋಯಿತೇ – ಇಲ್ಲ, ಗೊರ್ ಅಂತ ಎಳೆದುಕೊಂಡಳು. ತುಳಸಿ ಎಲೆಯನ್ನು ಲೋಟದಲ್ಲಿ ಅದ್ದಿ ತುಟಿಗೆ ಹಿಡಿದೆ, ಒಂದು ಹನಿ, ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯಿತು, ನುಂಗಿದಳು. ಎಚ್ಚರ ಇರು ರಮಾನಂದ, ಪ್ರಾಣ ಹೋಗುವ ಮೊದಲು ಕೊನೆಯ ಹನಿ ಹೀಗೆ ಒಳಗಿಳಿದರೆ ಆಯಿತು, ಹೆತ್ತ ಮಗನಿಂದ ಆಯಿ ಇನ್ನೇನೂ ಕೇಳಲಿಲ್ಲ, ಆಸ್ಪತ್ರೆ ಬ್ಯಾಡ, ಕರ್ಕಿಯ ಈ ಮನೇಲೇ ಹೋಗ್ತೆ, ನೀರು ಮಾತ್ರ ರಮಾನ ಕೈಯಿಂದ್ಲೇ ಬಿಡ್ಸಿ ಅಂದಳು. ತಂಗಿ ರೇಖಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು, ಅಣ್ಣಾ ನಿನ್ನ ಹತ್ರ ಆಗೂದಿಲ್ಲ, ಅನ್ನ ಕಲಸ್ತಾ ಕಲಸ್ತಾ ನಿದ್ದೆ ಮಾಡೂ ಮನ್ಷ ನೀನು, ನಾ ಕೂತ್ಕಂತೆ. ನಾನೇ ಕೂರುತ್ತೇನೆ ಅಂದೆ, ಗದರಿಸಿಯೇ ಅಂದೆ, ಮಟಮಟ ಮಧ್ಯಾಹ್ನ, ಬಿಸಿಲು ಹಂಚಿನ ಸಂದಿಯಿಂದ ಕಣ್ಣಿಗೇ ಬೀಳುತ್ತಿದೆ, ಈ ಹೊತ್ತಿನಲ್ಲಿ ಯಾವ ಮನುಷ್ಯ ನಿದ್ದೆ ಮಾಡುತ್ತಾನೆ, ನಾನು ಮಾಡುತ್ತೇನೆ, ಗೊತ್ತಿದೆ, ಅದಕ್ಕೇ ಗದರಿಸಿದ್ದು. ಅವಳು ಬಾವಿಗೆ ಹೋದಳು, ನನ್ನ ಹೆಂಡತಿ ವಿನುತಾ ಔಷಧಿಗೆಂದು ಹೊನ್ನಾವರಕ್ಕೆ ಹೋಗಿದ್ದಾಳೆ, ನಾನು, ಆಯಿ, ಲೋಟ.

ಸೋಮಾರಿ ಅಂದರು, ಮೈಗಳ್ಳ ಅಂದರು, ಕುಮಟೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಾ ಜೋಡಿಸುತ್ತಾ ತೂಕಡಿಸಿ ಒಂದಿಡೀ ಮದುವೆ ಕಾಗದವನ್ನು ನೆಲಕ್ಕೆ ಬೀಳಿಸಿದೆ, ಸೀಸದ ಅಕ್ಷರವೆಲ್ಲ ಚೆಲ್ಲಾಪಿಲ್ಲಿ, ಮಾಲೀಕರು ರಾತ್ರಿಯೆಲ್ಲ ಎಂತ ಮಾಡ್ತ್ಯೋ ಮಾರಾಯ ಅಂತ ನಕ್ಕರು, ಎರಡನೇ ಸಲ ನಗಲಿಲ್ಲ, ಆಮೇಲೆ ಕಂಪ್ಯೂಟರು ಬಂತು, ಮೊದಲು ಮನೆಗೆ ಕಳಿಸಿದ್ದು ನನ್ನನ್ನೇ. ಊರವರು ಬೇರೆ, ನಿಮ್ಮ ರಮಾನ ಗೊರಕೆ ಆಚೆ ಮನೆಗೂ ಕೇಳ್ತದೆ, ಪುಣ್ಯವಂತ, ಎಂಥಾ ಗಾಢ ನಿದ್ದೆ. ಗಾಢ ನಿದ್ದೆಯಂತೆ. ಮಂಗಳೂರಿನಲ್ಲಿ ತಲೆತುಂಬ ವಾಯರು ಅಂಟಿಸಿ ಮಲಗಿಸಿದರಲ್ಲ, ಬೆಳಿಗ್ಗೆ ಡಾಕ್ಟರು ಕಾಗದದ ಮೇಲಿನ ಗೀಟು ತೋರಿಸುತ್ತಾ, ಇಲ್ಲಿ ಗಂಟಲು ಮುಚ್ಚಿತು ನೋಡಿ, ಉಸಿರಿಲ್ಲ, ಇಲ್ಲಿ ಮಿದುಳು ಗಾಬರಿಬಿದ್ದು ಎಬ್ಬಿಸಿತು, ಮತ್ತೆ ಮುಚ್ಚಿತು, ಮತ್ತೆ ಎಬ್ಬಿಸಿತು, ರಾತ್ರಿಯಿಡೀ ಇದೇ, ನಿಮಗೆ ಗೊತ್ತೇ ಆಗುವುದಿಲ್ಲ, ಮಿದುಳು ಆಳದ ನಿದ್ದೆಗೆ ಇಳಿದದ್ದೇ ಇಲ್ಲ, ಹಾಗಾಗಿ ಹಗಲು ಸಿಕ್ಕಿದಲ್ಲಿ ಕಸಿದುಕೊಳ್ಳುತ್ತದೆ, ಮೂಗಿಗೆ ಗಾಳಿ ಊದುವ ಮಶೀನು ಹಾಕಿಕೊಂಡು ಮಲಗಿ ಅಂದರು. ಎರಡು ಹನಿ ಮಳೆ ಬಿದ್ದರೆ ಕರೆಂಟು ಹೋಗುವ ಊರಿನಲ್ಲಿ ಮಶೀನು. ಡಾಕ್ಟರಿಗಿಂತ ಮೊದಲೇ ಗೊತ್ತಿದ್ದವಳು ಆಯಿ, ನಡುಗೋಡೆ ಹಂಚಿನ ಮಾಡಿನವರೆಗೆ ಇಲ್ಲ, ಆಚೆಯಿಂದ ನನ್ನ ಉಸಿರು ಕೇಳುತ್ತಾ ಬಿದ್ದುಕೊಂಡಿರುತ್ತಿದ್ದಳು, ನಿಂತಿತೋ, ರಮಾ, ಮಗ್ಗಲಾಗು ಮಗ, ಎಷ್ಟು ವರ್ಷ ಹಾಗೆ ಕೂಗಿದಳೋ, ಅವಳಿಗೂ ನಿದ್ದೆ ಇರಲಿಲ್ಲ, ಅಂವ ಸೋಮಾರಿ ಅಲ್ಲ, ಅಂವಗೆ ರಾತ್ರಿ ನಿದ್ದೆಯೇ ಇಲ್ಲ, ನಾ ಕೇಳಿದ್ದೆ, ಅಂತ ರೇಖಾಳಿಗೆ, ವಿನುತಾಗೆ, ಬಸ್ಸು ಹತ್ತಿ ಕುಮಟೆಗೆ ಹೋಗಿ ಮಾಲೀಕರಿಗೂ ಹೇಳಿಬಂದಳು, ಯಾರೂ ನಂಬಲಿಲ್ಲ, ಅವಳೊಬ್ಬಳು ನಂಬಿದಳು. ಈಗ ಅವಳ ಉಸಿರು ನನ್ನದರ ಹಾಗೇ ಆಗಿದೆ, ನಿಂತು, ಎಳೆದು, ನಿಂತು, ಆಯಿ ಮಗ್ಗಲಾಗು ಅನ್ನಲೇ, ಅಂದರೆ ಬರುತ್ತದೆಯೇ.

ತೊಡೆ ಚಿವುಟಿಕೊಂಡೆ, ಹಸಿಮೆಣಸು ಕಚ್ಚಿದೆ, ಕಣ್ಣಲ್ಲಿ ನೀರು ಬಂತು, ನಿದ್ದೆ ಹೋಗಲಿಲ್ಲ, ಎದ್ದು ನಿಂತೆ, ನಿಂತಲ್ಲೇ ಮೊಣಕಾಲು ಮಡಚಿತು, ಮತ್ತೆ ಕೂತೆ. ರೇಖಾ ಅಂತ ಒಂದು ಕೂಗು ಹಾಕಿದರೆ ಬಂದು ಕೂತಾಳು, ಕೂಗುವುದಿಲ್ಲ, ಇದೊಂದು ನನ್ನ ಕೈಯಿಂದಲೇ ಆಗಬೇಕು, ಇನ್ನೊಂದು ಹನಿ, ಗಂಟಲ ಗಂಟು ಏರಿತು, ಇಳಿಯಿತು, ಆತು, ದೂರದಲ್ಲಿ ರೈಲು, ಶರಾವತಿಯ ಸೇತುವೆ ಮೇಲಿರಬೇಕು, ಕೆಳಗೆ ನೀರು, ನೀರಿನಲ್ಲಿ ಸೀಸದ ಅಕ್ಷರ ತೇಲುತ್ತಿವೆ, ಸೀಸ ಹೇಗೆ ತೇಲುತ್ತದೆ, ಹೆಕ್ಕಬೇಕು, ಆಯಿ ಉಸಿರಾಡುತ್ತಿದ್ದಾಳೆ, ಕೇಳುತ್ತಿದೆ, ಗೊರ್, ಗೊರ್, ಎಷ್ಟು ಜೋರಾಗಿ, ಬೆಳಿಗ್ಗೆಗಿಂತ ಎಷ್ಟೋ ಗಟ್ಟಿ, ಉಳಿದುಕೊಳ್ಳುತ್ತಾಳೆ, ರೇಖಾಳಿಗೆ ಹೇಳಬೇಕು, ಗೊರ್, ಇದು ನಿಲ್ಲದಿದ್ದರೆ ಸಾಕು, ನಿಲ್ಲದಿದ್ದರೆ –

ತೊಡೆ ಒದ್ದೆ. ಲೋಟ ಮಗುಚಿದೆ, ನನ್ನ ಗಂಟಲು ಒಣಗಿ ಉರಿಯುತ್ತಿದೆ, ಬಿಸಿಲು ನನ್ನ ಕಣ್ಣಿನಿಂದ ಗೋಡೆಗೆ ಹೋಗಿದೆ, ಕೋಣೆಯಲ್ಲಿ ಸದ್ದಿಲ್ಲ, ಈಗಷ್ಟೇ ಕೇಳುತ್ತಿತ್ತಲ್ಲ, ನಾನು ಎಚ್ಚರಾಗುತ್ತಲೇ ನಿಂತಿತು, ಎಚ್ಚರಾಗುತ್ತಲೇ – ಇಷ್ಟು ಹೊತ್ತು ಕೇಳಿದ್ದು ನನ್ನದೇ ಗೊರಕೆ. ಆಯಿ, ಆಯಿ ಮಗ್ಗಲಾಗು, ಕೈ ತಣ್ಣಗೆ, ತುಟಿ ಒಣಗಿ ಬಿಳಿಚಿದೆ, ಲೋಟದ ತಳದಲ್ಲಿ ಒಂದಿಷ್ಟು ಉಳಿದಿದೆ, ಎಲೆ ಎಲ್ಲಿ ಬಿತ್ತೋ, ಎಲೆ ಬೇಡ, ಲೋಟವನ್ನೇ ಬಗ್ಗಿಸಿದೆ, ಹೋಗು, ಒಳಗೆ ಹೋಗು. ರೇಖಾ ಬಾಗಿಲಲ್ಲಿದ್ದಾಳೆ, ಸೊಂಟದ ಮೇಲೆ ಕೊಡ, ಅಣ್ಣಾ ನೀರು ಬಿಟ್ಯಾ, ಬಿಟ್ಟೆ ಅಂದೆ, ಆಯಿ ಕುಡೀತಾ ಅಂತ ಕೇಳಿದಳು, ಕುಡೀತು ಅಂದೆ, ಅವಳು ನನ್ನ ಮುಖ ನೋಡುತ್ತಿಲ್ಲ, ದಿಂಬನ್ನು ನೋಡುತ್ತಿದ್ದಾಳೆ, ಗಂಟಲ ಗಂಟು ಏರುವುದಿಲ್ಲ, ಇಳಿಯುವುದಿಲ್ಲ, ತುಂಬಿದ ಬಾಯಿಯ ಮೂಲೆಯಿಂದ ನೀರು ಕೆನ್ನೆಗೆ, ಕೆನ್ನೆಯಿಂದ ಕಿವಿಗೆ, ನೀರು ಹೊರಗೇ ಬರುತ್ತಿದೆ