ಪಾಂಡಪ್ಪನ ಅಂಗಳದ ದೀಪ

"ಹಾಂ, ಈಗ ನೋಡ!" ಎಂದು ಪಾಂಡಪ್ಪ ಗುಂಡಿ ಒತ್ತಿದ. ಅಂಗಳದ ಕಂಬದ ತುದಿಯಲ್ಲಿದ್ದ ಹ್ಯಾಲೋಜನ್ ದೀಪ ಭಗ್ಗನೆ ಹೊತ್ತಿಕೊಂಡಿತು. ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ಸೋಮವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಸೆರಗು ತೆಗೆದಾಗ ಅಂಗಳ ಹಗಲಾಗಿತ್ತು. ಕುರಿದೊಡ್ಡಿಯ ಮುಳ್ಳುಬೇಲಿ, ನೀರಿನ ಬಾನಿ, ನಾಯಿಯ ಬೆನ್ನಿನ ಮೇಲಿನ ಹುಣ್ಣು ಎಲ್ಲವೂ ಎದ್ದು ಕಾಣುತ್ತಿದ್ದವು. ಆದರೆ ಹೊಲ ಇರಲಿಲ್ಲ. ಈಗಷ್ಟೇ ಮಸುಕಾಗಿ ಕಾಣುತ್ತಿದ್ದ ಪಕ್ಕದ ಕಬ್ಬು, ಎದುರಿನ ಬದು, ಬದುವಿನಾಚೆ ನೆರೆಯ ಸಾವಿತ್ರೆವ್ವನ ಜೋಳ, ಅದರಾಚೆ ಅವಳ ಮನೆಯ ಕಿಟಕಿ, ಎಲ್ಲವನ್ನೂ ಯಾರೋ ಕೈಯಿಂದ ಒರೆಸಿಬಿಟ್ಟಂತಿತ್ತು.

"ಹೆಂಗೈತಿ?" ಪಾಂಡಪ್ಪ ಎದೆಯುಬ್ಬಿಸಿ ಕೇಳಿದ.

"ಅಂಗಳ ಛಲೋ ಕಾಣತೈತ್ರಿ. ಅದರಾಚಿ ಏನೂ ಕಾಣವಲ್ದು."

"ಆಚಿ ಏನೈತಿ ನೋಡಾಕ? ಕಳ್ಳ ಕುರಿ ಹಿಡಿಬೇಕಂದ್ರ ಇಲ್ಲಿಗೇ ಬರಬೇಕಲ್ಲ. ಬಂದ್ರ ಸಿಕ್ಕ ಬಿದ್ದ."

ಅವನ ಮಾತಿಗೂ ಕಾರಣವಿತ್ತು. ಚಿಕ್ಕಪಡಸಲಗಿಯ ಬ್ಯಾರೇಜಿನಿಂದ ಹೊಳೆಯಲ್ಲಿ ವರ್ಷವಿಡೀ ನೀರು ನಿಲ್ಲತೊಡಗಿದ ಮೇಲೆ ಆ ಕಡೆಯ ಹೊಲಗಳಲ್ಲೆಲ್ಲ ಕಬ್ಬು ತಲೆಯೆತ್ತಿತ್ತು. ಕಬ್ಬಿನ ಮರೆಯಲ್ಲಿ ಟೆಂಪೋ ನಿಲ್ಲಿಸಿ ಕುರಿ ಹೊತ್ತೊಯ್ಯುವವರೂ ಹುಟ್ಟಿಕೊಂಡಿದ್ದರು. ಹುನ್ನೂರಿನ ಕಡೆ ಒಂದು ದೊಡ್ಡಿಗೆ ದೊಡ್ಡಿಯೇ ಖಾಲಿಯಾಗಿತ್ತು. ಪಾಂಡಪ್ಪನಿಗೆ ಕಬ್ಬು ಬಂದರೂ ಕುರಿ ಬಿಡಲು ಮನಸ್ಸಿರಲಿಲ್ಲ. ಕುರಿ ಕಾಯುವ ದೇವರು ಬೀರಪ್ಪನ ಒಕ್ಕಲು, ಕುರಿಯಿಲ್ಲದ ಮನೆ ಮನೆಯೇ ಅಲ್ಲ ಎನ್ನುವವನು. ಜಮಖಂಡಿಗೆ ಹೋಗಿ ದೀಪ ತಂದು, ತಾನೇ ಕಂಬ ಹತ್ತಿ ಕಟ್ಟಿದ್ದ.

ಕುರಿಯವರ ಮನೆಗೆ ಕತ್ತಲಲ್ಲಿ ಬರುವುದಕ್ಕೆ ಅಲ್ಲಿ ಒಂದು ರೀತಿಯಿತ್ತು. ಯಾರೇ ಆಗಲಿ, ಬದುವಿನ ಮೇಲೆ ನಿಂತು ಗಟ್ಟಿಯಾಗಿ ಕೂಗಿ, ತಮ್ಮ ಹೆಸರು ಹೇಳಿ, ಒಳಗಿನವರು "ಬರ್ರಿ" ಎಂದ ಮೇಲೆಯೇ ಮುಂದಡಿ ಇಡಬೇಕು. ಹೇಳದೆ ಬಂದವನಿಗೆ ಕವಣೆಯ ಕಲ್ಲು ಬಿದ್ದರೆ ಕೇಳುವ ಹಾಗಿಲ್ಲ. ಬದುವಿನಾಚೆಯ ಗಿರಿಮಲ್ಲಪ್ಪ ಲಿಂಗವಂತರ ದೊಡ್ಡ ರೈತ. ಅವನೂ ಅವನ ಹೆಂಡತಿ ಸಾವಿತ್ರೆವ್ವನೂ ಇಷ್ಟು ವರ್ಷ ಹಾಗೆಯೇ ಕೂಗಿಕೊಂಡು ಬಂದವರು. "ನಾನ ಬೇ, ಸಾವಿತ್ರಿ!" ಎಂಬ ಕೂಗು ಕೇಳದ ಸಂಜೆಯೇ ಇರಲಿಲ್ಲ ಎನ್ನಬೇಕು. ಸೋಮವ್ವನ ಮಗಳು ವೈಶಾಲಿ ಹುಟ್ಟಿದಾಗ ಬಾಣಂತನ ಮಾಡಿದವಳು ಆಕೆ. ಆ ಮಗಳನ್ನು ಮುಧೋಳಕ್ಕೆ ಮದುವೆ ಮಾಡಿ ಕೊಟ್ಟ ದಿನ ಸೋಮವ್ವನಿಗಿಂತ ಹೆಚ್ಚು ಅತ್ತವಳೂ ಆಕೆಯೇ.

ದೀಪ ಬಂದ ಕೆಲವೇ ದಿನಗಳಲ್ಲಿ ಒಂದು ಸಂಜೆ ಗಿರಿಮಲ್ಲಪ್ಪ ಗೋಡೆಯಿಂದ ಉದುರಿದವನಂತೆ ಅಂಗಳದಲ್ಲಿ ಪ್ರತ್ಯಕ್ಷನಾದ. ಸೋಮವ್ವ ಕಿಟಾರನೆ ಕಿರುಚಿದಳು.

"ಕೂಗಬಾರದೇನ್ರಿ ಅಣ್ಣಾರ? ಜೀವ ಹೋಗಿತ್ತು ನಂದು."

"ಇಷ್ಟ ಬೆಳಕಿನ್ಯಾಗ ಏನ್ ಕೂಗೂದ ತಂಗಿ? ನೀ ಮರಾ ಹಿಡದ ಕುಂತಿದ್ದು ನಮ್ಮ ಮನಿ ಬಾಗಿಲದಿಂದನ ಕಾಣಾಕತ್ತಿತ್ತು," ಎಂದು ಅವನು ನಕ್ಕ.

ಆ ರಾತ್ರಿ ಸೋಮವ್ವ ಮಲಗಿದಲ್ಲೇ ಅದನ್ನೇ ನೆನೆದಳು. ಗಿರಿಮಲ್ಲಪ್ಪನಿಗೆ ಕಂಡದ್ದು ಇನ್ನು ಯಾರು ಯಾರಿಗೆ ಕಾಣುತ್ತಿದೆಯೋ! ಅವಳು ಉಣ್ಣುವುದು, ತಲೆ ಬಾಚಿಕೊಳ್ಳುವುದು, ಗಂಡ ಇಲ್ಲದ ದಿನ ಒಬ್ಬಳೇ ಅಗಳಿ ಹಾಕುವುದು. ಅವರಿಗೆ ಇವಳು ಕಾಣುತ್ತಾಳೆ, ಇವಳಿಗೆ ಅವರು ಕಾಣುವುದಿಲ್ಲ. ಮೊದಲು ಚುಕ್ಕೆಯ ಬೆಳಕಿನಲ್ಲೇ ಬದುವಿನ ಮೇಲೆ ನರಿ ದಾಟಿದರೂ ಗುರುತಿಸುತ್ತಿದ್ದವಳು, ಈಗ ಕಟ್ಟೆಯ ಮೇಲೆ ಕುಳಿತು ಕಪ್ಪನೆಯ ಗೋಡೆಯನ್ನು ನೋಡುತ್ತಿದ್ದಳು. ನಾಯಿಯಂತೂ ಕೆಟ್ಟೇ ಹೋಯಿತು. ದೀಪಕ್ಕೆ ಮುತ್ತುವ ಹುಳಗಳಿಗೆಲ್ಲ ಬೊಗಳಿ ಬೊಗಳಿ, ಅದು ಬೊಗಳಿದರೆ ಯಾರೂ ತಿರುಗಿ ನೋಡದಂತಾಯಿತು.

ಕಾರ್ತಿಕ ಮುಗಿಯುವುದರೊಳಗೆ ದೊಡ್ಡಿಯ ದೊಡ್ಡ ಟಗರು ಹೋಯಿತು. ದೀಪದ ಬೆಳಕು ಬೀಳದ ಹಿಂಬದಿಯಿಂದ, ಮನೆಯ ನೆರಳು ಬಿದ್ದ ಕಡೆಯ ಬೇಲಿ ಸರಿಸಿ ಒಯ್ದಿದ್ದರು. ಪಾಂಡಪ್ಪ ದಿನವಿಡೀ ಬೈದಾಡಿದ, ಆಮೇಲೆ ಇನ್ನೊಂದು ದೀಪ ತರುವ ಮಾತಾಡಿದ. ಸೋಮವ್ವ ಕವಣೆಯನ್ನು ಗೂಟದಿಂದ ತೆಗೆದು, ಕಟ್ಟೆಯ ಮೇಲೆ ಕೈಗೆಟಕುವಲ್ಲಿ ಇಟ್ಟುಕೊಳ್ಳಲು ಶುರು ಮಾಡಿದಳು. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವುದರಲ್ಲಿ ಅವಳದು ಎತ್ತಿದ ಕೈ. ಸಪ್ಪಳ ಕೇಳಿದತ್ತ ಕಣ್ಣು ಮುಚ್ಚಿ ಬೀಸಿದರೂ ಗುರಿ ತಪ್ಪುತ್ತಿರಲಿಲ್ಲ.

ಅದೇ ವಾರ ಸಾವಿತ್ರೆವ್ವ ಬದುವಿನ ಮೇಲೆ ನಿಂತು ಕರೆದಳು. ಕಳೆ ತೆಗೆಯುವ ಹೆಂಗಸರೂ ಅಲ್ಲೇ ಇದ್ದರು.

"ನೋಡ ಬಾ ಇಲ್ಲೆ ಸೋಮವ್ವ. ನಿಮ್ಮ ದೀಪ ಬಿದ್ದಲ್ಲಿ ನಮ್ಮ ಜ್ವಾಳ ತೆನಿನ ಬಿಡವಲ್ದು. ಆಚಿಗೆಲ್ಲಾ ತೆನಿ ಬಂದಾವ, ಈ ಸಾಲ ಅಷ್ಟ ಹಸರ ನಿಂತಾವ. ರಾತ್ರಿ ಅಂಬೂದ ಬ್ಯಾಡೇನ ಬೆಳಿಗೆ? ಪಾಂಡಪ್ಪಗ ಹೇಳಿ ಒಂಚೂರ ಆ ಕಡೆ ತಿರುಗಸ ಬೇ."

ಸಾವಿತ್ರೆವ್ವ ಹೇಳಿದ್ದು ಖರೆ ಎಂದು ಸೋಮವ್ವನಿಗೆ ಕಾಣುತ್ತಿತ್ತು. ಆದರೆ ನಿದ್ದೆಗೆಟ್ಟು ಅವಳ ತಲೆ ಕಾದ ಹಂಚಾಗಿತ್ತು. "ನಮ್ಮ ಟಗರ ಹೋಗೇತಿ, ನಿನಗ ನಾಕ ಸಾಲ ಜ್ವಾಳದ ಚಿಂತಿ. ದೀಪ ತಿರುಗಸಿದ್ರ ಕಳ್ಳರಿಗೆ ಸಲೀಸ ಆಕ್ಕೈತಿ. ಯಾರಿಗೆ ಸಲೀಸ ಆಗಬೇಕಾಗೇತೋ ಆ ಬೀರಪ್ಪಗ ಗೊತ್ತ!" ಎಂದುಬಿಟ್ಟಳು.

ಆಡಿದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡಳು. ಸಾವಿತ್ರೆವ್ವ ಸೆರಗು ಸರಿಪಡಿಸಿಕೊಂಡು ಹೊರಟುಹೋದಳು. ಕಳೆ ತೆಗೆಯುವ ಹೆಂಗಸರು ಮುಖ ಮುಖ ನೋಡಿಕೊಂಡರು.

ಎಳ್ಳಮವಾಸ್ಯೆ ಬಂತು. ಪ್ರತಿ ವರ್ಷ ಎರಡೂ ಮನೆಯವರು ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಈ ವರ್ಷ ಬೇರೆ ಬೇರೆ ಉಂಡರು. ಸೋಮವ್ವ ಅರ್ಧಕ್ಕೇ ಎದ್ದು ಕೈ ತೊಳೆದಳು. ಮರುದಿನ ತಾನೇ ಹೋಗಿ ಕೈ ಹಿಡಿದು ತಪ್ಪಾಯಿತು ಅನ್ನಬೇಕು ಎಂದು ನಿಶ್ಚಯಿಸಿದಳು. ಪಾಂಡಪ್ಪ ಊಟವಾದದ್ದೇ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಸಕ್ಕರೆ ಫ್ಯಾಕ್ಟರಿಗೆ ಹೋದ. ಅಲ್ಲಿ ಕಬ್ಬು ಇಳಿಸುವ ಪಾಳಿ ಸಿಗುವುದು ಬೆಳಗಿಗೋ ಮಧ್ಯಾಹ್ನಕ್ಕೋ. ಹೋಗುವಾಗ, "ಹಳ್ಳದ ಹಾದ್ಯಾಗ ಒಂದ ಟೆಂಪೋ ನಿಂತಿತ್ತಂತ. ದೀಪ ಆರಸಬ್ಯಾಡ, ಕಟ್ಟಿ ಬಿಟ್ಟ ಇಳಿಬ್ಯಾಡ," ಎಂದು ಹೇಳಿ ಹೋಗಿದ್ದ.

ಹೊತ್ತು ಮುಳುಗಿತು. ಸೋಮವ್ವ ದೀಪ ಹಚ್ಚಿ ಕಟ್ಟೆಯ ಮೇಲೆ ಕುಳಿತಳು. ಅಮವಾಸ್ಯೆಯ ಕತ್ತಲು ಬೆಳಕಿನ ಅಂಚಿಗೆ ಬಂದು ನಿಂತಿತ್ತು. ನಾಯಿ ಬೊಗಳತೊಡಗಿತು. ಹುಳಕ್ಕಿರಬೇಕು ಎಂದುಕೊಂಡಳು. ಆದರೆ ಕುರಿಗಳೂ ಎದ್ದು ನಿಂತವು. ಕಡಿದ ಕಬ್ಬಿನ ಒಣ ಎಲೆ ರವದಿಯ ಮೇಲೆ ಯಾರೋ ಕಾಲಿಟ್ಟ ಸಪ್ಪಳ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅವಳು ಕವಣೆಗೆ ಕಲ್ಲಿಟ್ಟುಕೊಂಡು ಎದ್ದು ನಿಂತು ಸಪ್ಪಳ ಬಂದತ್ತಲೇ ನೆಟ್ಟ ಕಣ್ಣಿಂದ ನೋಡಿದಳು. ಏನೂ ಇಲ್ಲ. ಬರೀ ಕಪ್ಪು.

"ಯಾರದು?"

ನಾಯಿ ಸರಪಳಿ ಜಗ್ಗಿ ಜಗ್ಗಿ ಬೊಗಳುತ್ತಿತ್ತು.

"ಯಾರದು ಅಂತೇನಿ!"

ಬೊಗಳಾಟದ ನಡುವೆ ಯಾರೋ ನಕ್ಕ ಹಾಗಾಯಿತು. ಕತ್ತಲಲ್ಲಿ ನಿಂತು, ಒಂಟಿ ಹೆಂಗಸನ್ನು ನೋಡಿ ನಗುವ ನಗು. ಸೋಮವ್ವನ ಕೈ ತಲೆಯ ಮೇಲೆ ಗರ್ರನೆ ತಿರುಗಿತು, ಕಲ್ಲು ಹೋಯಿತು. ಪಾತ್ರೆಯೊಂದು ನೆಲಕ್ಕೆ ಬಿದ್ದು ಉರುಳಿದ ಸಪ್ಪಳ. ಅದರ ಹಿಂದೆಯೇ "ಯವ್ವಾ!" ಎಂಬ ಧ್ವನಿ. ಆ ಧ್ವನಿ ಅವಳಿಗೆ ಹೆತ್ತ ತಾಯಿಯ ಧ್ವನಿಯಷ್ಟೇ ಗೊತ್ತಿತ್ತು.

ಓಡಿ ಹೋದಾಗ ಸಾವಿತ್ರೆವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಸುತ್ತಲೂ ಸಜ್ಜೆಯ ರೊಟ್ಟಿ, ಕಡಬು, ಪುಂಡಿಪಲ್ಯ ಮಣ್ಣುಪಾಲಾಗಿದ್ದವು.

ಮಿರಜದ ಆಸ್ಪತ್ರೆಯಲ್ಲಿ ಎಡಗಣ್ಣು ಉಳಿಯಲಿಲ್ಲ. ಎತ್ತಿನ ಕೋಡು ತಾಗಿತು ಎಂದು ಗಿರಿಮಲ್ಲಪ್ಪ ಡಾಕ್ಟರಿಗೆ ಹೇಳಿದ್ದ. ಹಾಗೆ ಹೇಳಬೇಕೆಂದು ಜೀಪಿನಲ್ಲಿ ಹೋಗುವಾಗ ಸಾವಿತ್ರೆವ್ವನೇ ಗಂಡನ ಬಾಯಿಗೆ ಬೀಗ ಹಾಕಿದ್ದಳಂತೆ. ಪೊಲೀಸರು ಬರಲಿಲ್ಲ. ಆದರೆ ಊರ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಬದುವಿನ ಜಗಳ ಕೇಳಿದ್ದ ಹೆಂಗಸರು ಅದನ್ನು ಮನೆಮನೆಗೆ ಹಂಚಿದರು. ಜ್ವಾಳದ ಸಿಟ್ಟಿಗೆ ಕಣ್ಣು ತೆಗೆದಳು ಎಂದಾಯಿತು.

ಸಾವಿತ್ರೆವ್ವ ಮನೆಗೆ ಬಂದ ದಿನವೇ ಸೋಮವ್ವ ಹೋಗಿ ಅವಳ ಮಂಚದ ಕಾಲು ಹಿಡಿದು ಕುಳಿತಳು. ಹಸಿರು ಬಟ್ಟೆ ಕಟ್ಟಿದ ಮುಖ ಗೋಡೆಯ ಕಡೆಗಿತ್ತು.

"ಖರೇನ ಕಾಣಲಿಲ್ಲ ಯಕ್ಕಾ. ನನ್ನ ಮಗಳ ಆಣಿ. ಬರೇ ಸಪ್ಪಳ ಕೇಳಿತ್ತು."

ಸಾವಿತ್ರೆವ್ವ ಗೋಡೆಗೆ ಹೇಳಿದಳು: "ಎದ್ದ ನಿಂತಿ. ನನ್ನ ಮಾರಿಗೆ ಮಾರಿ ಕೊಟ್ಟ ನೋಡಿದಿ. ಮಾರಿ ನೋಡಿಕೊಂತನ ಯಾರದು ಅಂದಿ. ಇನ್ನೂ ಸಿಟ್ಟ ಇಳದಿಲ್ಲ ಇಕಿದು ಅಂತ ನಾ ನಕ್ಕೆ. ಬುತ್ತಿ ಎತ್ತಿ ತೋರಿಸಿದೆ. ನೀ ನೋಡಿಕೊಂತನ ಬೀಸಿದಿ."

"ಯಕ್ಕಾ…"

"ನಿನ್ನ ಹಣಿ ಮ್ಯಾಲಿನ ಕುಂಕುಮ ಕಾಣಾಕತ್ತಿತ್ತ ನನಗ, ಸೋಮವ್ವ. ಆ ಕಣ್ಣ ಕಡೀಕ ನೋಡಿದ್ದ ಅದನ್ನ."

ಪಾಂಡಪ್ಪ ದೀಪ ಕಿತ್ತೆಸೆಯಲು ಏಣಿ ತಂದ. ಸೋಮವ್ವ ಏಣಿಗೆ ಅಡ್ಡ ನಿಂತಳು. "ಇರಲಿ ಬಿಡ್ರಿ. ಆಕಿ ಬಂದ ಒಮ್ಮಿ ಈ ಕಟ್ಟಿ ಮ್ಯಾಲ ಕುಂತ ಹೊರಗ ನೋಡಬೇಕು. ಆಮ್ಯಾಲ ಕಿತ್ತ ಹೊಳಿಗೆ ಒಗಿರಿ," ಎಂದಳು. ಅವಳಿಗೆ ಈಗ ಬೇಕಾದದ್ದು ಅದೊಂದೇ. ಊರು ಏನಾದರೂ ಅಂದುಕೊಳ್ಳಲಿ, ಸಾವಿತ್ರೆವ್ವ ನಂಬಬೇಕು. ವಾರಕ್ಕೊಮ್ಮೆ ಹೋಗಿ ಕರೆದಳು, ಮಂಚದ ಕಾಲ ಬಳಿ ಕುಳಿತು ಅತ್ತಳು, ಬರಿಗೈಯಲ್ಲಿ ತಿರುಗಿ ಬಂದಳು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಸಾವಿತ್ರೆವ್ವ, "ಬರತೇನಿ ನಡಿ," ಎಂದಳು.

ಗಂಡನ ಕೈ ಹಿಡಿದುಕೊಂಡು ಸಂಜೆಗೆ ಬಂದಳು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಕತ್ತಲಾಯಿತು, ಪಾಂಡಪ್ಪ ದೀಪ ಹಚ್ಚಿದ. ಸೋಮವ್ವ ಚಪ್ಪಲಿ ಬಿಟ್ಟು ಅಂಗಳ ದಾಟಿ, ಬೆಳಕು ದಾಟಿ, ಬದುವಿನ ತನಕ ಹೋಗಿ ತಿರುಗಿ ನಿಂತಳು.

ದೀಪ ಬಂದ ಮೇಲೆ ಕತ್ತಲಿನಿಂದ ತನ್ನ ಮನೆಯನ್ನು ಅವಳು ನೋಡಿದ್ದು ಅದೇ ಮೊದಲು. ಎಲ್ಲವೂ ಕಾಣುತ್ತಿತ್ತು. ಗಿರಿಮಲ್ಲಪ್ಪನ ಹಣೆಯ ವಿಭೂತಿ, ಕಂಬಳಿಯ ಅಂಚು, ಸಾವಿತ್ರೆವ್ವನ ಮೂಗುತಿ, ಹಸಿರು ಬಟ್ಟೆಯ ಮಡಿಕೆ. ಉಳಿದ ಒಂದು ಕಣ್ಣು ನೆಟ್ಟಗೆ ತನ್ನನ್ನೇ ನೋಡುತ್ತಿತ್ತು. ಸೋಮವ್ವನಿಗೆ ಆ ನೋಟ ನೋಡಿದ ಮೇಲೆ, ತನಗೆ ಕಲ್ಲು ಬಿದ್ದಿದ್ದರೆ ತಾನೂ ಯಾವ ಆಣೆಯನ್ನೂ ನಂಬುತ್ತಿರಲಿಲ್ಲ ಅನ್ನಿಸಿತು.

"ಯಕ್ಕಾ," ಎಂದು ಕೂಗಿದಳು. "ನಾ ಕಾಣತೇನೇನ ಬೇ?"

ಸಾವಿತ್ರೆವ್ವ ತುಟಿ ಬಿಚ್ಚಲಿಲ್ಲ. ಕಾಣುತ್ತಿಲ್ಲ, ಅದಕ್ಕೇ ಸುಮ್ಮನಿದ್ದಾಳೆ ಎಂದು ಸೋಮವ್ವನಿಗೆ ಜೀವ ಬಂದಂತಾಯಿತು. ಇನ್ನೊಂದು ಕಡೆಯಿಂದ ಕೂಗಿದರೆ ಪೂರಾ ತಿಳಿಯುತ್ತದೆ ಎಂದುಕೊಂಡು, ಬರಿಗಾಲಲ್ಲಿ ಸಪ್ಪಳವಾಗದಂತೆ ಬದುವಿನಿಂದ ಇಳಿದು, ಕಡಿದ ಕಬ್ಬಿನ ಕೂಳೆಯ ನಡುವೆ ಹಾದು ಹೊಲದ ಬಾವಿಯ ಕಡೆ ದೂರ ಸರಿದು ನಿಂತಳು. ಕೂಗಲೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಸಾವಿತ್ರೆವ್ವ ಕೈಯೆತ್ತಿ ಈಗ ಖಾಲಿಯಿದ್ದ ಬದುವಿನ ಕಡೆ ಬೆರಳು ಚಾಚಿದಳು.

"ಕಾಣಾಕತ್ತೀ," ಎಂದಳು. "ಬದುವಿನ ಮ್ಯಾಲ ನಿಂತೀ. ನಿಚ್ಚಳ ಕಾಣಾಕತ್ತೀ ನನಗ."

ಪಕ್ಕದಲ್ಲಿದ್ದ ಗಿರಿಮಲ್ಲಪ್ಪ ಕಣ್ಣು ಕಿರಿದು ಮಾಡಿ ಕತ್ತಲನ್ನು ನೋಡಿದ, ಹೆಂಡತಿಯ ಮುಖ ನೋಡಿದ, ತಲೆ ತಗ್ಗಿಸಿದ. ಪಾಂಡಪ್ಪ ಕಂಬಕ್ಕೆ ಒರಗಿ ಕಲ್ಲಾಗಿ ನಿಂತಿದ್ದ. ಬೆರಳು ಇಳಿಯಲಿಲ್ಲ. ಒಂದೇ ಒಂದು ಕೂಗು ಸಾಕಾಗಿತ್ತು. ಇಲ್ಲಿದ್ದೇನೆ ಎಂದರೆ ಎಲ್ಲ ತೀರಿಹೋಗುತ್ತಿತ್ತು. ಆ ಒಂದು ಕಣ್ಣಿನಿಂದ ನೀರು ಇಳಿಯುತ್ತಿದ್ದುದು ಅಷ್ಟು ದೂರದಿಂದಲೂ ಸೋಮವ್ವನಿಗೆ ಕಾಣುತ್ತಿತ್ತು.

ಅವಳು ಬಾಯಿ ಮುಚ್ಚಿಕೊಂಡಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಕೂಳೆ ತುಳಿಯದಂತೆ ಒಂದೊಂದೇ ಹೆಜ್ಜೆ ಇಡುತ್ತ ಬದುವಿಗೆ ತಿರುಗಿ ಬಂದಳು. ಸಾವಿತ್ರೆವ್ವನ ಬೆರಳು ತೋರಿಸುತ್ತಿದ್ದ ಜಾಗದಲ್ಲಿ, ಬೆಳಕಿನ ಕಡೆ ಮುಖ ಮಾಡಿ ನಿಂತುಕೊಂಡಳು.